ಕೊನೆಯ ಎರಡು ವರ್ಷ

ಪೊಲೀಸ್ ಠಾಣೆಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: 'ಇನ್ನೆರಡು ವರ್ಷ ಸರ್ವಿಸ್ ಐತೆ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ಳೋದು?' ಇನ್‌ಸ್ಪೆಕ್ಟರ್ ಹೇಳಬಹುದು, ಎಎಸ್‌ಐ ಹೇಳಬಹುದು. ಹೇಳಿದ ಗಳಿಗೆಯಲ್ಲೇ ಅವರು ನಿವೃತ್ತರಾಗಿರುತ್ತಾರೆ. ಸಂಬಳದ ಬಿಲ್ಲಿಗೆ ಮಾತ್ರ ಅದು ಗೊತ್ತಿರುವುದಿಲ್ಲ.

ಕರ್ನಾಟಕದಲ್ಲಿ ನಿವೃತ್ತಿ ವಯಸ್ಸು 60. 2008ರಲ್ಲಿ ಅದು 58ರಿಂದ ಏರಿತು. ಹುಟ್ಟಿದ ದಿನಾಂಕ ಸೇವಾ ಪುಸ್ತಕದಲ್ಲೇ ಇರುವುದರಿಂದ 'ಯಾವಾಗ' ಎಂಬ ಪ್ರಶ್ನೆ ಹೆಚ್ಚಿನವರಲ್ಲಿ ಏಳುವುದೇ ಇಲ್ಲ. ತಿಂಗಳ ಕೊನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ, ಅಲ್ಲಿಗೆ ಮುಗಿಯಿತು. ಆದರೆ ನಿಗದಿತ ಸೇವೆ ಪೂರೈಸಿದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಲು ಅವಕಾಶವಿದೆ. ಅವಕಾಶವಿದ್ದೂ ಉಳಿದೆವೆಂದರೆ, ಉಳಿದದ್ದೂ ನಮ್ಮದೇ ತೀರ್ಮಾನ.

ನನ್ನನ್ನು ಕಾಡುವುದು ಒಂದು ವಿಚಿತ್ರ. ಪೊಲೀಸರನ್ನು ಬಗ್ಗಿಸಲು ರಾಜಕಾರಣಿಯ ಕೈಯಲ್ಲಿರುವ ದೊಡ್ಡ ಅಸ್ತ್ರ ಎತ್ತಂಗಡಿ. ಮಕ್ಕಳು ಶಾಲೆಗೆ ಹೋಗುವ ಕಾಲದಲ್ಲಿ ಆ ಅಸ್ತ್ರಕ್ಕೆ ಹೆದರದವರು ಕಡಿಮೆ. ಆದರೆ ಐವತ್ತೆಂಟು ದಾಟಿದ ಇನ್‌ಸ್ಪೆಕ್ಟರನ್ನು ಮೈಸೂರಿನಿಂದ ಬೀದರಿಗೆ ಹಾಕಿದರೆ ಏನಾದೀತು? ಮಕ್ಕಳು ದಡ ಸೇರಿದ್ದಾರೆ, ಬಡ್ತಿಯ ಆಸೆ ತೀರಿದೆ. ಇಡೀ ವೃತ್ತಿಯಲ್ಲಿ 'ಆಗಲ್ಲ ಸಾರ್' ಎಂದು ಎದೆ ಕೊಟ್ಟು ಹೇಳಬಹುದಾದ ಕಾಲ ಇದೇ ತಾನೆ? ಆದರೂ ಹೆಚ್ಚು ಹೆದರುವುದು ಈಗಲೇ.

ಕಾರಣ ನಿಯಮದಲ್ಲಿದೆ. ನಿವೃತ್ತಿಯ ದಿನ ಇಲಾಖಾ ವಿಚಾರಣೆ ಬಾಕಿಯಿದ್ದರೆ ಸಿಗುವುದು ತಾತ್ಕಾಲಿಕ ಪಿಂಚಣಿ, ಗ್ರಾಚ್ಯುಟಿಯನ್ನು ತಡೆಹಿಡಿಯುತ್ತಾರೆ. ನಿವೃತ್ತಿಯ ನಂತರವೂ ಹಿಂದಿನ ನಾಲ್ಕು ವರ್ಷಗಳೊಳಗಿನ ಘಟನೆಯ ಮೇಲೆ ವಿಚಾರಣೆ ಹೂಡಬಹುದು. ಆ ಗ್ರಾಚ್ಯುಟಿ ಎಂದರೆ ಮಗಳ ಮದುವೆ, ಮನೆಯ ತಾರಸಿ. ಲಂಚಕೋರನನ್ನು ಹಿಡಿಯಲು ಮಾಡಿದ ನಿಯಮ ಪ್ರಾಮಾಣಿಕನಿಗೂ ಒಂದು ಪಾಠ ಕಲಿಸಿಬಿಟ್ಟಿದೆ: ಏನನ್ನೂ ಮಾಡದಿದ್ದರೆ ತಪ್ಪೂ ಆಗುವುದಿಲ್ಲ. ಬೀಳ್ಕೊಡುಗೆಯಲ್ಲಿ 'ಒಂದೂ ಕಪ್ಪುಚುಕ್ಕೆ ಇಲ್ಲದ ಸೇವೆ' ಎಂದು ಹೊಗಳುವುದನ್ನು ಕೇಳಿದಾಗ ನನಗೊಂದು ಅನುಮಾನ ಬರುತ್ತದೆ. ಏನೂ ಬರೆಯದ ಹಾಳೆಯ ಮೇಲೂ ಚುಕ್ಕೆ ಇರುವುದಿಲ್ಲವಲ್ಲ.

ಬೆಲೆ ತೆರುವವರು ಬೇರೆಯವರು. ಊರಿನ ಪ್ರಭಾವಿಯ ಕಡೆಯವನ ಮೇಲೆ ದೂರು ಹೊತ್ತು ರಾತ್ರಿ ಬಂದ ಹೆಂಗಸಿಗೆ 'ನಾಳೆ ಬಾರಮ್ಮ, ಇಬ್ಬರನ್ನೂ ಕೂರಿಸಿ ಮಾತಾಡ್ತೀವಿ' ಎಂಬ ಉತ್ತರ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿಯಾಗಿದೆ. ಪೆನ್ನು ಹಿಡಿಯಬೇಕಾದ ಕೈ ಮಾತ್ರ ಪಿಂಚಣಿಯ ದಿನ ಎಣಿಸುತ್ತಿರುತ್ತದೆ.

ಹಾಗಾದರೆ ಮನಸ್ಸಿಲ್ಲದವರೆಲ್ಲ ಎದ್ದು ಹೋಗಲಿ ಎನ್ನೋಣವೇ? ಹೇಳುವುದು ಸುಲಭ. 2007ರಲ್ಲಿ ದೆಹಲಿ ಪೊಲೀಸ್ ಕಮಿಷನರ್ ಹುದ್ದೆ ಕೈತಪ್ಪಿದ ಮೇಲೆ ಐಪಿಎಸ್ ಅಧಿಕಾರಿ ಕಿರಣ್ ಬೇಡಿ ಸ್ವಯಂ ನಿವೃತ್ತಿ ಪಡೆದರು. ಮುಂದೆ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್ ಆದರು. ಕಾನ್‌ಸ್ಟೆಬಲ್ ಆಗಿ ಸೇರಿ, ಬಂದೋಬಸ್ತಿನಲ್ಲಿ ಮಂಡಿ ಸವೆಸಿಕೊಂಡ ಹೆಡ್ ಕಾನ್‌ಸ್ಟೆಬಲ್ ಐವತ್ತೆರಡಕ್ಕೆ ಹೊರಬಂದರೆ ಕ್ವಾರ್ಟರ್ಸ್ ಬಿಡಬೇಕು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಬೇರೆ ಬಣ್ಣದ ಸಮವಸ್ತ್ರ ತೊಡಬೇಕು. 2006ರ ಏಪ್ರಿಲ್ ನಂತರ ಸೇರಿ ಎನ್‌ಪಿಎಸ್‌ಗೆ ಬಿದ್ದವರಿಗಂತೂ ಇನ್ನೂ ಕಷ್ಟ. ಆತ್ಮಸಾಕ್ಷಿಗೆ ಓಗೊಟ್ಟು ಹೊರಡುವುದು ಮೇಲಿನ ದರ್ಜೆಯವರಿಗೆ ಕೈಗೆಟುಕುವ ಸಂಗತಿ. ಆದ್ದರಿಂದ ಪೇದೆಯನ್ನು ನಾನು ಈ ಪ್ರಶ್ನೆಯಿಂದ ಬಿಟ್ಟುಬಿಡುತ್ತೇನೆ. ಕೇಳುವುದು ಠಾಣೆಯ ಕುರ್ಚಿಯಲ್ಲಿ, ಅದಕ್ಕೂ ಮೇಲಿನ ಕುರ್ಚಿಗಳಲ್ಲಿ ಕೂತವರನ್ನು.

ಅವರು ಹೊರಡಲು ದೇಹ ದಣಿದದ್ದು ಕಾರಣವಲ್ಲ. ದಣಿದವರು ರಜೆ ಹಾಕಬಹುದು. ಕೇಸಿನ ಪುಟ ತೆರೆದಾಗ ಮೊದಲು ನೆನಪಾಗುವುದು ದೂರುದಾರರೋ, ತಮ್ಮ ಪಿಂಚಣಿಯೋ ಎಂದು ತಮಗೆ ತಾವೇ ಕೇಳಿಕೊಳ್ಳಲಿ. ಪಿಂಚಣಿ ಎಂದಾದರೆ ನೋಟಿಸ್ ಬರೆಯುವ ಹೊತ್ತು ಬಂದಿದೆ. ಹಾಗೆ ಬರೆದವರ ಕೈಯಲ್ಲೂ ಮೂರು ತಿಂಗಳು ಉಳಿದಿರುತ್ತದೆ. ಅಲ್ಮೇರಾದ ಕೆಳಗಿನ ಖಾನೆಗೆ 'ಆಮೇಲೆ ನೋಡೋಣ' ಎಂದು ತಳ್ಳಿದ ಕಡತಗಳನ್ನು ಹೊರತೆಗೆದು, ಸಾಕ್ಷಿಗಳನ್ನು ಕರೆಸಿ, ಒಂದೆರಡಕ್ಕಾದರೂ ಚಾರ್ಜ್‌ಶೀಟ್ ಹಾಕಲು ಅಷ್ಟು ಸಾಕು.