ದಾರಿಯನ್ನು ಮೊದಲೇ ಬಲ್ಲವನು

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತಿನಲ್ಲಿ ಎರಡು ಸಾಧನೆಗಳು ಬೇರೆ ಬೇರೆಯಾಗಿ ಹೇಳಲ್ಪಟ್ಟಿವೆ. ಒಂದು ಕಾಲಿನದು, ಇನ್ನೊಂದು ಕಣ್ಣಿನದು. ಈಗಿನ ಕಾಲದಲ್ಲಿಯಾದರೋ ದೇಶವೇ ಕೋಶವಾಗಿ ಅಂಗೈಯೊಳಗೆ ಬಂದು ಕುಳಿತಿದೆ. ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿರುವ ಗೃಹಸ್ಥನೊಬ್ಬನು ತಾಯಿಯ ಚಿಕಿತ್ಸೆಗಾಗಿ ಎಂದೂ ಕಾಣದ ಬೆಂಗಳೂರಿಗೆ ಹೊರಡಬೇಕಾಗಿದ್ದರೆ, ಹಿಂದಿನ ರಾತ್ರಿ ಪಡಸಾಲೆಯಲ್ಲಿ ಕುಳಿತೇ ಮೊಬೈಲಿನ ನಕಾಶೆಯಲ್ಲಿ ರೈಲು ನಿಲ್ದಾಣವನ್ನೂ, ಆಸ್ಪತ್ರೆಯನ್ನೂ, ನಡುವಿನ ಅಡ್ಡರಸ್ತೆಗಳನ್ನೂ ನೋಡಿಕೊಳ್ಳಬಲ್ಲನು. ಗೂಗಲ್ ನಕಾಶೆಯು ಹುಟ್ಟಿದ್ದು 2005ರಲ್ಲಿ. 2022ರ ಜುಲೈ ತಿಂಗಳಿನಿಂದ ಬೆಂಗಳೂರು, ಹೈದರಾಬಾದು ಮೊದಲಾದ ಹತ್ತು ಪಟ್ಟಣಗಳ ಬೀದಿಗಳ ಛಾಯಾಚಿತ್ರಗಳೂ ಅದರಲ್ಲಿ ಸೇರತೊಡಗಿದವು. ಆಸ್ಪತ್ರೆಯ ಬಾಗಿಲು ಯಾವ ದಿಕ್ಕಿಗಿದೆ, ಎದುರಿಗೆ ಔಷಧಿಯ ಅಂಗಡಿ ಇದೆಯೇ ಎಂಬುದು ಸಹ ಹೊರಡುವ ಮೊದಲೇ ತಿಳಿಯುತ್ತದೆ. ಇದರಿಂದ ಹುಟ್ಟುವ ಪ್ರಶ್ನೆಗಳು ಎರಡು. ಹೀಗೆ ಕಂಡ ಪಟ್ಟಣವನ್ನು ಆತನು ಬಲ್ಲನೆನ್ನಬಹುದೇ? ಯಾರನ್ನೂ ಕೇಳದೆ ದಾರಿಯನ್ನರಿಯುವುದು ಮನುಷ್ಯನಿಗೆ ಶ್ರೇಯಸ್ಕರವೇ?

ಎರಡನೆಯ ಪ್ರಶ್ನೆಯನ್ನೇ ಮೊದಲು ವಿಚಾರಿಸುವುದು ಯೋಗ್ಯವು. ಅಲ್ಲವೆನ್ನುವವರ ಪಕ್ಷವು ದುರ್ಬಲವಾದುದಲ್ಲ. ದಾರಿಯನ್ನು ಕೇಳುವವನು ತನ್ನ ಅಜ್ಞಾನವನ್ನು ಒಪ್ಪಿಕೊಳ್ಳುತ್ತಾನೆ. ಹೇಳುವವನು ತನ್ನ ಸಮಯವನ್ನು ಬಿಟ್ಟುಕೊಡುತ್ತಾನೆ. ಚಹದ ಅಂಗಡಿಯವನು ಕೈಮಾಡಿ ತೋರಿಸುತ್ತಾನೆ. ಮುದುಕನೊಬ್ಬನು ತನ್ನ ಕೆಲಸವನ್ನು ಬಿಟ್ಟು ಅರ್ಧ ಬೀದಿ ಜತೆಗೆ ಬರುತ್ತಾನೆ. ಇಬ್ಬರ ನಡುವೆ ಕ್ಷಣಮಾತ್ರದ ಬಾಂಧವ್ಯವೊಂದು ಏರ್ಪಡುತ್ತದೆ. ನಕಾಶೆಯನ್ನು ನೆಚ್ಚಿದವನು ಜನಸಾಗರದ ನಡುವೆ ಮೂಕನಂತೆ ಹಾದುಹೋಗುತ್ತಾನೆಂದು ಇವರ ಆಕ್ಷೇಪವು.

ಆದರೆ ಕೇಳುವ ಸುಖವು ಎಲ್ಲರಿಗೂ ಒಂದೇ ಸಮನಾಗಿ ದೊರೆತಿತ್ತೇ? 1901ರಲ್ಲಿ ಬಾಲಕ ಭೀಮರಾವ್ ಅಂಬೇಡ್ಕರರು ಅಣ್ಣನೊಡನೆಯೂ ಅಕ್ಕನ ಮಕ್ಕಳೊಡನೆಯೂ ತಂದೆಯನ್ನು ಕಾಣಲು ಸಾತಾರೆಯಿಂದ ಹೊರಟು ಮಸೂರು ನಿಲ್ದಾಣದಲ್ಲಿಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆಯ ಉಡುಪಿನ ಮಕ್ಕಳನ್ನು ಕಂಡು ಮರುಗಿದ ಸ್ಟೇಶನ್ ಮಾಸ್ತರನು ‘ನೀವು ಯಾರು?’ ಎಂದು ಕೇಳಿದನು. ಜಾತಿಯ ಹೆಸರು ಹೊರಬಿದ್ದೊಡನೆ ಅವನ ಮುಖವೇ ಬದಲಾಯಿತು. ಗಾಡಿ ಹೊಡೆಯುವವರು ಒಲ್ಲೆನೆಂದರು. ಕೊನೆಗೆ ಇಮ್ಮಡಿ ಬಾಡಿಗೆಗೆ ಒಪ್ಪಿದವನೂ ಮಕ್ಕಳೊಡನೆ ಗಾಡಿಯಲ್ಲಿ ಕೂಡಲಿಲ್ಲ. ಅವರೇ ಹೊಡೆದುಕೊಳ್ಳಬೇಕು, ತಾನು ಪಕ್ಕದಲ್ಲಿ ನಡೆಯುವೆನೆಂದನು. ಬುತ್ತಿಯಿದ್ದೂ ಆ ರಾತ್ರಿ ಕುಡಿಯಲು ನೀರು ಸಿಕ್ಕಲಿಲ್ಲ. ಈ ಪ್ರಸಂಗವನ್ನು ಅಂಬೇಡ್ಕರರೇ ಮುಂದೆ ಬರೆದಿಟ್ಟಿದ್ದಾರೆ.

ಕೇಳಿದವನಿಗೆ ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಎದುರಾಗುವ ಸಮಾಜದಲ್ಲಿ, ಏನನ್ನೂ ಮರಳಿ ಕೇಳದ ನಕಾಶೆಯು ಸಣ್ಣ ಉಪಕಾರವಲ್ಲ. ಅದು ‘ಯಾರ ಪೈಕಿ?’ ಎನ್ನುವುದಿಲ್ಲ. ಒಂಟಿಯಾಗಿ ಪರಸ್ಥಳಕ್ಕೆ ಹೋಗುವ ಹೆಣ್ಣುಮಗಳು ಅಪರಿಚಿತರ ಮುಂದೆ ನಿಂತು ತಾನು ಹೊಸಬಳೆಂದು ಸಾರಬೇಕಾಗಿಲ್ಲ. ಬಾಂಧವ್ಯವು ಕಡಿಮೆಯಾಯಿತೆಂದು ವ್ಯಥೆಪಡುವವರು, ಆ ಬಾಂಧವ್ಯದ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನೂ ನೆನೆಯಬೇಕು.

ಹಾಗಾದರೆ ನಕಾಶೆಯೊಂದಿದ್ದರೆ ಸಾಕೆನ್ನಬಹುದೇ? ಅದೂ ಸಲ್ಲದು. ಮಸೂರಿನಲ್ಲಿ ಆ ಮಕ್ಕಳ ಕೈಗೆ ನಿರ್ದೋಷವಾದ ನಕಾಶೆ ಇದ್ದಿದ್ದರೂ ದಾರಿ ತಿಳಿಯುತ್ತಿತ್ತೇ ಹೊರತು ನೀರು ಸಿಕ್ಕುತ್ತಿರಲಿಲ್ಲ. ರಸ್ತೆ ಎಲ್ಲಿದೆಯೆಂಬುದನ್ನು ನಕಾಶೆ ತಿಳಿಸುತ್ತದೆ. ಮನೆಯ ಬಾಗಿಲು ತೆರೆದೀತೇ ಎಂಬುದನ್ನು ತಿಳಿಸಲಾರದು. ಮೊದಲನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರದ ತುದಿ ಸಿಕ್ಕುತ್ತದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವನ್ನು ನಕಾಶೆಯು ತಪ್ಪದೆ ತೋರಿಸುತ್ತದೆ. ಅದು ಹಿಂದೊಮ್ಮೆ ಧರ್ಮಾಂಬುಧಿಯೆಂಬ ಕೆರೆಯ ಅಂಗಳವಾಗಿತ್ತೆಂಬುದನ್ನು ತೋರಿಸುವುದಿಲ್ಲ. ಆ ಭಾಗವನ್ನು ಜನರು ಮೆಜೆಸ್ಟಿಕ್ ಎನ್ನುತ್ತಾರೆ. ಅದು ಅಲ್ಲಿದ್ದ ಚಿತ್ರಮಂದಿರದ ಹೆಸರು. ಮಂದಿರವು ಹೋಯಿತು, ಹೆಸರು ಉಳಿಯಿತು. ಪಟ್ಟಣವೆಂಬುದು ಇರುವ ಬೀದಿಗಳಷ್ಟೇ ಅಲ್ಲ. ಇಲ್ಲವಾದವುಗಳ ನೆನಪೂ ಹೌದು. ಆ ನೆನಪು ಜನರ ಬಾಯಲ್ಲಿದೆ.

ಮೊದಲೇ ದಾರಿಯನ್ನರಿಯುವುದು ಹೊಸತೂ ಅಲ್ಲ. ಕಾಳಿದಾಸನ ಯಕ್ಷನು ರಾಮಗಿರಿಯಿಂದ ಅಲಕಾಪುರಿಯವರೆಗಿನ ಮಾರ್ಗವನ್ನು ಮೇಘಕ್ಕೆ ಹೊರಡುವ ಮೊದಲೇ ವಿವರಿಸಿದನು. ಬೇಂದ್ರೆಯವರು 1943ರಲ್ಲಿ ಆ ಕಾವ್ಯವನ್ನು ಕನ್ನಡಿಸಿದ್ದರಿಂದ ಕನ್ನಡಿಗರಿಗೂ ಆ ದಾರಿ ಪರಿಚಿತವು. ಆದರೆ ಯಕ್ಷನು ಹೇಳಿದ್ದು ಅತಿ ಹತ್ತಿರದ ದಾರಿಯನ್ನಲ್ಲ. ಸುತ್ತಾದರೂ ಸರಿ, ಉಜ್ಜಯಿನಿಯನ್ನು ಕಾಣದೆ ಹೋಗಬೇಡವೆಂದನು. ನಿಮಿಷಗಳ ಲೆಕ್ಕವನ್ನು ಯಂತ್ರವು ಮಾಡಬಲ್ಲುದು. ಯಾವ ಸುತ್ತು ಸಾರ್ಥಕವೆಂಬ ಲೆಕ್ಕವನ್ನು ಪ್ರೀತಿಯುಳ್ಳವರು ಮಾತ್ರ ಮಾಡಬಲ್ಲರು.

ಇನ್ನೊಂದು ಮಾತು ಉಳಿಯಿತು. ನಕಾಶೆಯುಳ್ಳವನು ಯಾರನ್ನೂ ಕೇಳುವುದಿಲ್ಲವೆಂಬುದೇ ನಿಜವಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತವು ಮೊಬೈಲಿಗೆ ಮುಟ್ಟಿದಾಗ ಅವನು ನಿಂತ ಸ್ಥಳವು ಗೊತ್ತಾಗುತ್ತದೆ. ಮುಂದಿನ ರಸ್ತೆಯಲ್ಲಿ ವಾಹನಗಳ ದಟ್ಟಣೆ ಇದೆಯೆಂಬುದಾದರೋ ಆ ರಸ್ತೆಯಲ್ಲಿ ಆಗಲೇ ಸಿಕ್ಕಿಬಿದ್ದವರ ಮೊಬೈಲುಗಳಿಂದ ತಿಳಿಯುವ ಸಂಗತಿ. 2004ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕಾಶೆಯನ್ನಂತೂ ಊರೂರಿನ ಸ್ವಯಂಸೇವಕರೇ ಬರೆದು ತಿದ್ದುತ್ತ ಬಂದಿದ್ದಾರೆ. ಹಿಂದೆ ಒಬ್ಬನನ್ನು ಕೇಳಿ ಉಪಕಾರವನ್ನು ನೆನೆಯುತ್ತಿದ್ದವನು ಈಗ ಸಾವಿರ ಜನರಿಂದ ಉತ್ತರ ಪಡೆದು ಯಾರನ್ನೂ ನೆನೆಯದಿರುತ್ತಾನೆ. ಋಣವು ತೀರಲಿಲ್ಲ, ಕಣ್ಣಿಗೆ ಕಾಣದಾಯಿತು, ಅಷ್ಟೇ.

ಕಾಣದ ಋಣವನ್ನು ತೀರಿಸುವ ಬಗೆ ಯಾವುದು? ನಕಾಶೆಯನ್ನು ತೊರೆಯುವುದಲ್ಲ. ಕಾಯಿಲೆಯ ತಾಯಿಯನ್ನು ಕರೆದೊಯ್ಯುವವನು ಬೀದಿಬೀದಿ ಅಲೆಯಲೆಂದು ಹೇಳುವುದು ಧರ್ಮವಾಗಲಾರದು. ಅಂಜಿಕೆಯನ್ನು ನಕಾಶೆ ಕಳೆಯಲಿ. ಅಂಜಿಕೆ ಕಳೆದ ಮನಸ್ಸು ಜನರತ್ತ ತಿರುಗಲಿ. ದಾರಿಯನ್ನು ಬಲ್ಲವನಿಗೆ ದಾರಿಗಿಂತ ಮಿಗಿಲಾದುದನ್ನು ಕೇಳುವ ಬಿಡುವು ಸಿಕ್ಕಿರುತ್ತದೆ. ಮತ್ತು ಆತನು ಮಣ್ಣೂರಿಗೆ ಮರಳಿದ ಮೇಲೆ, ನಕಾಶೆಯಲ್ಲಿ ಹೆಸರಿಲ್ಲದ ತನ್ನ ಓಣಿಯ ತುದಿಯಲ್ಲಿ ಪರಸ್ಥಳದವನೊಬ್ಬನು ಮೊಬೈಲು ಹಿಡಿದು ಅತ್ತಿತ್ತ ನೋಡುತ್ತ ನಿಂತಿದ್ದರೆ, ‘ಯಾರ ಪೈಕಿ?’ ಎಂದು ಕೇಳದೆ, ಎಲ್ಲಿಗೆ ಹೋಗಬೇಕೆಂದು ಕೇಳಿ, ಮೊದಲು ಒಂದು ತಂಬಿಗೆ ನೀರು ಕೊಡಲಿ. ಆ ಒಂದು ತಂಬಿಗೆಯಿಂದ ಬೆಂಗಳೂರಿನ ಋಣವೂ ತೀರಬಹುದು, ಮಸೂರಿನ ಋಣವೂ ತುಸು ಹಗುರಾಗಬಹುದು.