ಗುದ್ದಲಿ ಪೂಜೆಗೆ ಮುನ್ನ

ಬುದ್ಧನ ಕಾಲದಲ್ಲಿ ಆಳವಿ ಎಂಬ ಊರಿನ ಭಿಕ್ಷುಗಳಿಗೆ ಕುಟೀರ ಕಟ್ಟುವ ಹುಚ್ಚು ಹಿಡಿದಿತ್ತು. ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ, ಗುದ್ದಲಿ ಕೊಡಿ ಎಂದು ಮನೆಮನೆಗೆ ಹೋಗಿ ಕಾಡುತ್ತಿದ್ದರು. ಕೊನೆಕೊನೆಗೆ ಭಿಕ್ಷುಗಳು ಕಂಡರೆ ಜನ ದಾರಿ ಬದಲಿಸತೊಡಗಿದರು, ಬಾಗಿಲು ಹಾಕಿಕೊಳ್ಳತೊಡಗಿದರು. ದೂರದಲ್ಲಿ ಹಸು ಕಂಡರೂ ಭಿಕ್ಷುವೇ ಬಂದನೆಂದು ಓಡಿಹೋಗುತ್ತಿದ್ದರಂತೆ. ಕತೆ ವಿನಯ ಪಿಟಕದ್ದು.

ಇದನ್ನು ತಡೆಯಲು ಬುದ್ಧ ಮಾಡಿದ ನಿಯಮ ಇಂದಿನ ಯಾವ ಸೈಟಿಗೂ ಹೊಂದುವಂಥದ್ದು. ಕುಟಿ ಕಟ್ಟಬೇಕೆನ್ನುವ ಭಿಕ್ಷು ಮೊದಲು ಜಾಗ ಹಸನು ಮಾಡಬೇಕು. ಆಮೇಲೆ ಸಂಘದ ಮುಂದೆ ಕೈಮುಗಿದು, ಬಂದು ಜಾಗ ನೋಡಿ ಎಂದು ಮೂರು ಸಲ ಬೇಡಿಕೊಳ್ಳಬೇಕು. ಬಂದವರು ನೋಡುವುದು ಮುಖ್ಯವಾಗಿ ಎರಡು ಸಂಗತಿ. ಅಲ್ಲಿ ಇರುವೆ, ಗೆದ್ದಲು, ಇಲಿ, ಹಾವು, ಚೇಳುಗಳ ನೆಲೆ ಇದೆಯೇ? ಕಟ್ಟಿದ ಮೇಲೆ ಸುತ್ತಲೂ ಎತ್ತಿನ ಗಾಡಿ ತಿರುಗುವಷ್ಟು ಜಾಗ ಉಳಿಯುತ್ತದೆಯೇ? ಕುಟಿಯ ಒಳ ಅಳತೆ ಬುದ್ಧನ ಗೇಣಿನಲ್ಲಿ 12 ಗೇಣು ಉದ್ದ, 7 ಗೇಣು ಅಗಲ ಮೀರುವಂತಿಲ್ಲ. ಜಾಗ ತೋರಿಸದೆ ಕಟ್ಟಿದರೆ ಅದು ಸಂಘವೇ ಸೇರಿ ವಿಚಾರಿಸುವಷ್ಟು ಗಂಭೀರ ಅಪರಾಧ.

ಅದೇ ಆಳವಿಯಲ್ಲಿ ನೆಲ ಅಗೆಯುವ ವಿಚಾರವೂ ಎದ್ದಿತು. ನೆಲಕ್ಕೂ ಜೀವವಿದೆ, ಶ್ರಮಣರು ಅದನ್ನು ಅಗೆಯಬಹುದೇ ಎಂದು ಊರ ಜನರೇ ಆಕ್ಷೇಪಿಸಿದರು. ಅಂದಿನಿಂದ ಭಿಕ್ಷು ತಾನೂ ಅಗೆಯುವಂತಿಲ್ಲ, ಬೇರೆಯವರಿಂದಲೂ ಅಗೆಸುವಂತಿಲ್ಲ.

ಆದರೆ ಸಂಸಾರಸ್ಥರು ಅಗೆಯದೆ ಬದುಕುವುದು ಹೇಗೆ? ಮನೆಗೆ ಪಾಯ ಬೇಕು, ಪಾಯಕ್ಕೆ ಮಟ್ಟದ ನೆಲ ಬೇಕು. ನೆಲವೋ ಎಲ್ಲೂ ಮಟ್ಟವಾಗಿರುವುದಿಲ್ಲ. ಏರು ಕಡಿದು ತಗ್ಗು ತುಂಬಿಸದೆ ಗುಡಿಯಾಗಲಿ, ಶಾಲೆಯಾಗಲಿ, ಆಸ್ಪತ್ರೆಯಾಗಲಿ ಏಳುವುದಿಲ್ಲ. ನೆಲವನ್ನು ತಾಯಿ ಎಂದು ಕರೆದವರೇ ಅದನ್ನು ಕಡಿಯಬೇಕಾದ ಈ ಇಕ್ಕಟ್ಟನ್ನು ಭಾರತದ ಧರ್ಮಗಳು ಮುಚ್ಚಿಡಲಿಲ್ಲ.

ಜೈನರಲ್ಲಿ ಇದು ಇನ್ನೂ ತೀಕ್ಷ್ಣ. ಮಣ್ಣೇ ಮೈಯಾಗಿರುವ ಪೃಥ್ವೀಕಾಯ ಜೀವಿಗಳಿವೆ ಎನ್ನುವುದು ಅವರ ಸಿದ್ಧಾಂತ. ಶ್ರಾವಕರು, ಅಂದರೆ ಜೈನ ಗೃಹಸ್ಥರು, ಹಿಡಿಯಬಾರದೆಂದ 15 ಕಸುಬುಗಳಲ್ಲಿ ನೆಲ ಒಡೆಯುವುದೂ ಒಂದು. ಆದರೂ 981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ವಿಂಧ್ಯಗಿರಿಯ ನೆತ್ತಿಯ ಬಂಡೆಯನ್ನೇ ಕಡೆಸಿ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅಹಿಂಸೆಯ ಮೂರ್ತಿಗಾಗಿಯೇ ಬೆಟ್ಟದ ತಲೆ ಕಡಿಯಬೇಕಾಯಿತು! ಜೈನ ಚಿಂತಕರು ಇದಕ್ಕೆ ಕಂಡುಕೊಂಡ ದಾರಿ ಹಿಂಸೆಯನ್ನು ಬಗೆಬಗೆಯಾಗಿ ವಿಂಗಡಿಸುವುದು. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆ ಕಟ್ಟುವಿಕೆಯಂಥ ಗೃಹಕೃತ್ಯದಲ್ಲಿ ಆಗಿಬಿಡುವುದು ಆರಂಭೀ ಹಿಂಸೆ. ಎರಡನೆಯದನ್ನು ಗೃಹಸ್ಥ ಪೂರ್ತಿ ಬಿಡಲಾರ. ಹಾಗೆಂದು ಅದು ಪುಣ್ಯವಾಗುವುದಿಲ್ಲ. ಎಚ್ಚರದಿಂದ, ಅಗತ್ಯವಿದ್ದಷ್ಟೇ ಮಾಡಬೇಕು. ಇಲ್ಲಿ ಕ್ಷಮೆಗಿಂತ ಮಿತಿ ದೊಡ್ಡದು.

ಅಥರ್ವವೇದದ 12ನೇ ಕಾಂಡದ ಭೂಮಿಸೂಕ್ತದಲ್ಲೂ ಮಿತಿಯೇ ಇದೆ. ಅದರ 63 ಮಂತ್ರಗಳಲ್ಲಿ ಒಂದು ನೇರವಾಗಿ ಅಗೆಯುವವನ ಪ್ರಾರ್ಥನೆ: ಅಗೆದ ಜಾಗ ಬೇಗ ಮತ್ತೆ ತುಂಬಿಕೊಳ್ಳಲಿ, ಭೂಮಿಯ ಮರ್ಮಕ್ಕೆ, ಹೃದಯಕ್ಕೆ ಏಟು ತಾಗದಿರಲಿ ಎಂಬ ಆಶಯ ಅದರದ್ದು. ಬೇಗ ತುಂಬಿಕೊಳ್ಳಬೇಕಾದರೆ ಗಾಯ ಸಣ್ಣದಿರಬೇಕು. ಮರ್ಮ ತಪ್ಪಿಸಬೇಕಾದರೆ ಅದು ಎಲ್ಲಿದೆ ಎಂದು ಅಗೆಯುವ ಮೊದಲೇ ಗೊತ್ತಿರಬೇಕು.

ಆ ತಿಳಿವಳಿಕೆಯ ದಾರಿ 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿಸಬೇಕು. ಮಣ್ಣು ಮಿಕ್ಕರೆ ಜಾಗ ಒಳ್ಳೆಯದು, ಸಾಲದೆ ಬಂದರೆ ಕೆಟ್ಟದು. ಅಥವಾ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ನೋಡಬೇಕು. ನೀರು ಇಳಿಯದಿದ್ದರೆ ಶುಭ. ನೆಲ ಉತ್ತು, ಬಿತ್ತಿದ ಬೀಜ ಬೆಳೆದು, ದನಗಳು ಅಲ್ಲಿ ತಂಗಿಹೋದ ಮೇಲೆಯೇ ಮುಂದಿನ ಕೆಲಸ. ಮರ ಕಡಿಯುವ ಮುನ್ನವೂ ಅದರಲ್ಲಿ ವಾಸಿಸುವ ಭೂತಗಳಿಗೆ ಬಲಿ ಕೊಟ್ಟು, ಕ್ಷಮಿಸಿ, ಬೇರೆ ನೆಲೆ ನೋಡಿಕೊಳ್ಳಿ ಎಂದು ನಮಸ್ಕರಿಸಬೇಕು. ಭೂತಗಳನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಈ ವಿಧಿಗಳಿಗೆಲ್ಲ ಕಾಲ ಹಿಡಿಯುತ್ತಿತ್ತು, ಕಟ್ಟುವವನು ಅಷ್ಟು ದಿನವೂ ಆ ನೆಲವನ್ನು ಕಣ್ಣಿಟ್ಟು ನೋಡುತ್ತಿದ್ದ. ಆ ನೋಟವೇ ಪೂಜೆಯ ಅರ್ಧ ಭಾಗವಾಗಿತ್ತು.

ಇಂದು ಉಳಿದಿರುವುದು ಇನ್ನರ್ಧ ಮಾತ್ರ. ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಮೂರು ಹಿಡಿ ಮಣ್ಣು ತೆಗೆದರೆ ಪೂಜೆ ಮುಗಿಯಿತು. ಪಕ್ಕದಲ್ಲಿ ಜೆಸಿಬಿ ಕಾದು ನಿಂತಿರುತ್ತದೆ. ಮಧ್ಯಾಹ್ನದೊಳಗೆ ಹುತ್ತ, ಬೇಲಿ, ಮಳೆನೀರು ಹರಿದು ಮಾಡಿಕೊಂಡ ಸಣ್ಣ ತೋಡು ಎಲ್ಲವೂ ಒಂದೇ ಮಟ್ಟ. ಮೇಲುಮಣ್ಣು ಟಿಪ್ಪರ್ ಹತ್ತಿ ಹೋಗಿರುತ್ತದೆ. ತಗ್ಗಿಗೆ ಸುರಿದ ಮಣ್ಣನ್ನು ಪದರ ಪದರವಾಗಿ ಹರಡಿ, ನೀರು ಹಾಕಿ, ಕುಟ್ಟಿ ಗಟ್ಟಿ ಮಾಡುವ ತಾಳ್ಮೆಯೂ ಎಷ್ಟೋ ಕಡೆ ಇಲ್ಲ. ಕಡಿದ ನೆಲ ಗಟ್ಟಿ, ತುಂಬಿಸಿದ ನೆಲ ಸಡಿಲ. ಎರಡರ ನಡುವೆ ನಿಂತ ಗೋಡೆ ಮಳೆಗಾಲಕ್ಕೆ ಬಿರುಕು ಬಿಡುತ್ತದೆ.

ಬಯಲುಸೀಮೆಯಲ್ಲಿ ಬಿರುಕಿನಲ್ಲಿ ಮುಗಿಯುವುದು ಮಲೆನಾಡು, ಕರಾವಳಿಯಲ್ಲಿ ಜೀವಕ್ಕೆ ಬರುತ್ತದೆ. ಕರಾವಳಿಯ ಗುಡ್ಡಗಳಲ್ಲಿ ಮುರಕಲ್ಲಿನ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿರುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುವ ಈ ಮಣ್ಣು ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ. ಬುಡ ಕಡಿದ ಧರೆ ಆಗ ತನ್ನ ಭಾರಕ್ಕೆ ತಾನೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ, ಅತಿಯಾದ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರು ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ಎತ್ತಿ ತೋರಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಅಗಲ ಮಾಡಿದ ಹೆದ್ದಾರಿಯ ಪಕ್ಕದ ಗುಡ್ಡ ಚಹದಂಗಡಿಯನ್ನೂ ಲಾರಿಯನ್ನೂ ಎಳೆದುಕೊಂಡು ಗಂಗಾವಳಿ ನದಿಗೆ ಇಳಿಯಿತು.

ದೇವರನ್ನು ಮರೆತದ್ದರಿಂದ ಹೀಗಾಯಿತು ಎನ್ನುವುದು ಸುಲಭದ ಮಾತು, ಸುಳ್ಳು ಮಾತು ಕೂಡ. ಪೂಜೆಗಳು ಎಲ್ಲೂ ನಿಂತಿಲ್ಲ. ನಿಂತಿರುವುದು ಆಳವಿಯ ಸಂಘ ಮಾಡುತ್ತಿದ್ದ ಕೆಲಸ. ನೋಡದೆ ಕೇಳಿದ ಕ್ಷಮೆಯಲ್ಲಿ ತಪ್ಪಿನ ಅರಿವೇ ಇಲ್ಲ. ಅಂಥದ್ದನ್ನು ಪ್ರಾರ್ಥನೆ ಎನ್ನಲಾಗದು.

ಆದ್ದರಿಂದ ಮುಹೂರ್ತ ಇಡಿಸುವವರು ಅದಕ್ಕೂ ಮೊದಲು ಒಂದು ಮಳೆಗಾಲ ಆ ಜಾಗವನ್ನು ನೋಡಲಿ. ನೀರು ಯಾವ ಕಡೆಯಿಂದ ಬಂದು ಎತ್ತ ಹೋಗುತ್ತದೆ ಎಂದು ಮೇಲಿನ, ಕೆಳಗಿನ ಜಮೀನಿನವರನ್ನು ಕೇಳಲಿ. ಕಡಿಯಲೇಬೇಕಾದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲುಮಣ್ಣನ್ನು ಎತ್ತಿಟ್ಟು, ಕೆಲಸ ಮುಗಿದ ಮೇಲೆ ಅಲ್ಲೇ ಹರಡಿಸಲಿ. ಪೂಜೆಗೆ ಬರುವ ಪುರೋಹಿತರೂ ಸಂಕಲ್ಪ ಮಾಡಿಸುವ ಮೊದಲು, ಇದೆಲ್ಲ ಆಗಿದೆಯೇ ಎಂದು ಯಜಮಾನರನ್ನು ಕೇಳಲಿ.