ಯಾವುದರ ಮುಂದೆ ನಗಣ್ಯ?

ಸುಮಾ: ಮೇಷ್ಟ್ರೇ, ಬೇರೆ ನಕ್ಷತ್ರಗಳ ಗ್ರಹಗಳಿಗೂ ಚಂದ್ರಗಳಿದ್ದರೆ ಅಲ್ಲಿ ಜೀವ ಉಳಿದೀತೇ ಎಂದು ಲೆಕ್ಕ ಹಾಕುವಾಗ ಐನ್‌ಸ್ಟೈನರ ಸಾಪೇಕ್ಷತೆಯನ್ನು ಬಿಟ್ಟುಬಿಡಬಹುದು ಅನ್ನಿಸುತ್ತದೆ. ಸೂರ್ಯನ ಸುತ್ತ ಬಾಗಿದ ಆಕಾಶದಲ್ಲಿ ಓಡುವುದರಿಂದ ಭೂಮಿಯ ಅಕ್ಷದ ದಿಕ್ಕು ಶತಮಾನಕ್ಕೆ ತಿರುಗುವುದು ಸುಮಾರು 1.9 ಆರ್ಕ್‌ಸೆಕೆಂಡ್ ಮಾತ್ರ. ಸೂರ್ಯಚಂದ್ರರ ಸೆಳೆತವೋ ಅದೇ ಅಕ್ಷವನ್ನು ವರ್ಷಕ್ಕೆ 50 ಆರ್ಕ್‌ಸೆಕೆಂಡ್ ತಿರುಗಿಸುತ್ತದೆ.

ಮೇಷ್ಟ್ರು: ಲೆಕ್ಕ ಸರಿ. ಸಾಪೇಕ್ಷತೆ ಅಕ್ಷದ ದಿಕ್ಕನ್ನು ತಿರುಗಿಸುತ್ತದೆ, ಅದರ ಓರೆಯನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ ಎಂಬುದನ್ನೂ ಸೇರಿಸಿಕೋ. ಆದರೆ ನಗಣ್ಯ ಎಂದವಳು ಯಾವುದರ ಮುಂದೆ ನಗಣ್ಯ ಎಂದೂ ಹೇಳಬೇಕಮ್ಮ.

ಸುಮಾ: ಗ್ರಹದ ಹಿಡಿತದ ಮುಂದೆ. ವೇಗವಾಗಿ ತಿರುಗುವ ದೈತ್ಯ ಗ್ರಹ ನಡುವಿನಲ್ಲಿ ಉಬ್ಬಿರುತ್ತದೆ. ಹತ್ತಿರದ ಚಂದ್ರನ ಕಕ್ಷೆಯನ್ನು ಆ ಉಬ್ಬು ಸಮಭಾಜಕದ ತಲದಲ್ಲೇ ಹಿಡಿದಿಡುತ್ತದೆ, ಉಬ್ಬರವಿಳಿತದ ಬಲ ಚಂದ್ರನ ಸ್ವಂತ ಓರೆಯನ್ನು ಸವೆಸುತ್ತದೆ. ಕೊನೆಗೆ ಚಂದ್ರನಿಗೆ ದಕ್ಕುವುದು ಗ್ರಹದ ಓರೆ. ಯುರೇನಸ್ಸಿನ ಓರೆ 98 ಡಿಗ್ರಿ. ಅದರ ದೊಡ್ಡ ಚಂದ್ರಗಳ ಧ್ರುವಗಳಲ್ಲೂ 42 ವರ್ಷ ಹಗಲು, 42 ವರ್ಷ ಇರುಳು.

ಮೇಷ್ಟ್ರು: ಚಂದ್ರನ ಋತುಗಳು ಗ್ರಹದ ಕೈಯಲ್ಲಿವೆ. ಗ್ರಹ ಯಾರ ಕೈಯಲ್ಲಿದೆ?

ಸುಮಾ: ನಕ್ಷತ್ರದ ಕೈಯಲ್ಲಿ. ನೆರೆಯ ಗ್ರಹಗಳದ್ದೂ ಪಾಲಿದೆ.

ಮೇಷ್ಟ್ರು: ಹಾಗಾದರೆ ಬುಧನನ್ನು ನೋಡು. ಅದರ ದೀರ್ಘವೃತ್ತವೇ ನಿಧಾನವಾಗಿ ತಿರುಗುತ್ತದೆ. ಅದರಲ್ಲಿ ಸಾಪೇಕ್ಷತೆಯ ಪಾಲು ಶತಮಾನಕ್ಕೆ 43 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯಾಗಲು ಎಂಟು ಸಾವಿರ ವರ್ಷಕ್ಕೂ ಹೆಚ್ಚು ಬೇಕು. 2009ರಲ್ಲಿ ಖಗೋಳ ವಿಜ್ಞಾನಿಗಳಾದ ಜಾಕ್ ಲಾಸ್ಕರ್ ಮತ್ತು ಗಾಸ್ತಿನೊ ಮುಂದಿನ 500 ಕೋಟಿ ವರ್ಷಗಳ ಸೌರವ್ಯೂಹವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಓಡಿಸಿದರು. ಸಾಪೇಕ್ಷತೆಯನ್ನು ಸೇರಿಸಿದಾಗ ಬುಧನ ಕಕ್ಷೆ ಅಪಾಯಕಾರಿಯಾಗಿ ನೀಳವಾದದ್ದು ನೂರಕ್ಕೆ ಸುಮಾರು ಒಂದು ಸಲ. ಅದನ್ನು ಬಿಟ್ಟು ಓಡಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ.

ಸುಮಾ: ಅಷ್ಟು ಸಣ್ಣದಕ್ಕೆ ಇಷ್ಟು ಬಲವೇ?

ಮೇಷ್ಟ್ರು: ಬಲವಲ್ಲ, ಲಯ. ಉಯ್ಯಾಲೆಯ ಲಯಕ್ಕೆ ಸರಿಯಾಗಿ ಮಗು ನೂಕಿದರೂ ಅದು ಎತ್ತರ ಏರುತ್ತದೆ. ಗುರುವಿನ ಕಕ್ಷೆಯೂ ತಿರುಗುತ್ತಿದೆ. ಬುಧನ ಕಕ್ಷೆ ಅದೇ ಗತಿಗೆ ಇಳಿದರೆ ನೀಳವಾಗುತ್ತ ಹೋಗುತ್ತದೆ. ಆ 43 ಆರ್ಕ್‌ಸೆಕೆಂಡ್ ಎರಡೂ ಗತಿಗಳನ್ನು ದೂರ ಇಟ್ಟಿದೆ. ನನಗಂತೂ ಇಡೀ ಖಗೋಳ ವಿಜ್ಞಾನದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಕಂಡಿಲ್ಲ.

ಸುಮಾ: ಕಾರಣದ ಗಾತ್ರ ಕಂಡು ಪರಿಣಾಮ ಊಹಿಸಬಾರದು ಎನ್ನುತ್ತೀರಾ?

ಮೇಷ್ಟ್ರು: ಅಷ್ಟು ದೂರ ಹೋಗಬೇಡ. ಚಂದ್ರನ ಅಕ್ಷದ ಮೇಲೆ ನೇರವಾಗಿ ಆಗುವ ಪರಿಣಾಮ ನೀನೆಂದಂತೆ ಅತ್ಯಲ್ಪ. ಅದರ ಗ್ರಹದ ಕಕ್ಷೆ ನೀಳವಾಗದಂತೆ ಕಾಯುವ ಪರಿಣಾಮ ಬೇರೆ. ಕಕ್ಷೆ ನೀಳವಾದರೆ ಗ್ರಹದ ಜೊತೆ ಚಂದ್ರನೂ ಒಮ್ಮೆ ಬೇಯುತ್ತದೆ, ಒಮ್ಮೆ ಹೆಪ್ಪುಗಟ್ಟುತ್ತದೆ. ಕೆಂಪು ಕುಬ್ಜ ನಕ್ಷತ್ರಗಳ ಹತ್ತಿರದ ಗ್ರಹಗಳಲ್ಲಿ ಸಾಪೇಕ್ಷತೆಯ ಈ ತಿರುಗು ಬುಧನಿಗಿಂತ ಹಲವು ಪಟ್ಟು ಹೆಚ್ಚಿರಬಲ್ಲದು.

ಸುಮಾ: ನಕ್ಷತ್ರಕ್ಕೆ ಅಷ್ಟು ಹತ್ತಿರ ಗ್ರಹದ ಹಿಡಿತದ ವಲಯ ಕುಗ್ಗುತ್ತದೆ. ಚಂದ್ರ ಬಹುಕಾಲ ನಿಲ್ಲುವುದೇ ಕಷ್ಟ.

ಮೇಷ್ಟ್ರು: ನಿಜ, ಒಳ್ಳೆಯ ಆಕ್ಷೇಪ. ಕೆಪ್ಲರ್-1625ಬಿ ಗ್ರಹಕ್ಕೆ ಚಂದ್ರನಿರಬಹುದು ಎಂದು 2018ರಲ್ಲಿ ಹೇಳಿದ್ದೂ ಇನ್ನೂ ವಿವಾದದಲ್ಲೇ ಇದೆ. ತಿಳಿಯದ್ದೇ ಹೆಚ್ಚು. ಆದ್ದರಿಂದಲೇ ಲೆಕ್ಕದಲ್ಲಿನ ಸಾಪೇಕ್ಷತೆಯ ಪದವನ್ನು ಈಗಲೇ ಅಳಿಸಬೇಡ. ನಿನ್ನ ಲೆಕ್ಕವನ್ನು ಒಮ್ಮೆ ಅದನ್ನಿಟ್ಟು, ಒಮ್ಮೆ ಬಿಟ್ಟು ಓಡಿಸು. ಎರಡೂ ಉತ್ತರಗಳನ್ನು ತೆಗೆದುಕೊಂಡು ಬಾ.